ಸಾಹೇಬರ ಗಡಿಯಾರ

ನಮ್ಮ ಪಂಕಜತ್ತೆ ತೊಂಬತ್ತೇಳನೇ ಸಲ ಸೋತದ್ದು ಒಂದು ಕಾಲಾಳನ್ನು ಬಿಟ್ಟುಕೊಡಲು ಮನಸ್ಸು ಬಾರದೆ. ನಾನು ಪಕ್ಕದಲ್ಲೇ ಕೂತಿದ್ದೆ. ಬಾಯಿ ಬಿಡುವ ಹಾಗಿಲ್ಲ, ಸನ್ನೆ ಮಾಡುವ ಹಾಗಿಲ್ಲ, ಅದಕ್ಕೇ ಕಾಲ್ಬೆರಳು ಮಡಿಸಿಕೊಂಡು ಹಲ್ಲು ಕಚ್ಚಿಕೊಂಡು ನೋಡುತ್ತಿದ್ದೆ. ಅಲ್ಲಿ ಮಂತ್ರಿ ಹೋಗುವುದರಲ್ಲಿದೆ, ರಾಜನ ಮುಂದೆ ಬಾಗಿಲೇ ಇಲ್ಲ, ಇವಳು ಅದೆಲ್ಲವನ್ನೂ ಬಿಟ್ಟು ಮೂಲೆಯಲ್ಲಿದ್ದ ಒಂದು ಕಾಲಾಳಿಗೆ ಇನ್ನೊಂದನ್ನು ಜೊತೆ ಮಾಡುತ್ತಿದ್ದಾಳೆ. ಮುಂದಿನ ನಡೆಗೆ ಸಾಹೇಬರು ಚೆಕ್‌ಮೇಟ್ ಕೊಟ್ಟರು. ಪರದೆಯ ಮೇಲೆ ಕೆಂಪಕ್ಷರದಲ್ಲಿ ತೊಂಬತ್ತೇಳು ಎಂದು ಬಂತು. ಅತ್ತೆ ಫೋನು ಮಗುಚಿಟ್ಟು, "ಪಾಪ, ಆ ಹುಡುಗ ಒಬ್ನೇ ಇದ್ದ ಕಣೇ" ಅಂದಳು.

ಸಾಹೇಬರು ಎಂದರೆ ಮನುಷ್ಯರಲ್ಲ, ನಮ್ಮೂರ ಕಚೇರಿಯ ಪ್ರೋಗ್ರಾಂ. ಆದರೂ ಯಾರೂ ಅದನ್ನು ಏಕವಚನದಲ್ಲಿ ಕರೆಯುವುದಿಲ್ಲ. ಸಾಹೇಬರು ಕುದುರೆ ತಂದರು, ಸಾಹೇಬರು ಆನೆ ಹೊಡೆದರು, ಸಾಹೇಬರು ಈ ವಾರ ಬಹಳ ಕೋಪದಲ್ಲಿದ್ದರು, ಹೀಗೆಯೇ ಮಾತು. ನಮ್ಮೂರಲ್ಲಿ ಯಾವ ಅರ್ಜಿ ಮುಂದಕ್ಕೆ ಹೋಗಬೇಕಾದರೂ ಸಾಹೇಬರನ್ನು ಚೆಸ್ಸಿನಲ್ಲಿ ಸೋಲಿಸಬೇಕು. ವಾರಕ್ಕೊಂದು ಆಟ, ಅವರವರ ಫೋನಿನಲ್ಲಿ, ಇಬ್ಬರಿಗೂ ಮೂರು ಮೂರು ನಿಮಿಷ. ಗೆದ್ದರೆ ಮುದ್ರೆ, ಸೋತರೆ ಮುಂದಿನ ವಾರ. ಸಮವಾದರೆ ಅದೂ ಸೋಲೇ. ನೂರು ಸಲ ಸೋತರೆ ಅರ್ಜಿ ರದ್ದು, ಮತ್ತೆ ಹಾಕಬೇಕೆಂದರೆ ಹತ್ತು ವರ್ಷ ಕಾಯಬೇಕು.

ಇದಕ್ಕೆ ಜನ ಒಗ್ಗಿಕೊಂಡಿದ್ದಾರೆ, ಒಗ್ಗದೆ ಏನು ಮಾಡುತ್ತಾರೆ. ಎರಡನೇ ಮಹಡಿಗೆ ಅನುಮತಿ ಸಿಗುತ್ತದೆಂದು ಮೆಟ್ಟಿಲು ಕಟ್ಟಿಸಿಕೊಂಡ ಮನೆಗಳು ಬೀದಿಗೆ ನಾಲ್ಕಿವೆ. ಆ ಮೆಟ್ಟಿಲುಗಳು ಆಕಾಶಕ್ಕೆ ಹೋಗಿ ನಿಂತಿವೆ, ಅವುಗಳ ಮೇಲೆ ಹಪ್ಪಳ ಒಣಗುತ್ತದೆ. ಜನನ ಪತ್ರ ಬರುವಷ್ಟರಲ್ಲಿ ಮಗು ತಾನೇ ಆಡುವುದನ್ನು ಕಲಿತಿರುತ್ತದೆ. ಕಚೇರಿಯ ನಾಲ್ಕನೇ ಕಿಟಕಿಯಲ್ಲಿ ಕೂರುವ ಗುಮಾಸ್ತ ತಿಪ್ಪೇಶಿಯವರು ತಮ್ಮದೇ ವರ್ಗಾವಣೆಗೆ ಅರ್ಜಿ ಹಾಕಿ ಎಪ್ಪತ್ತೊಂದು ಸಲ ಸೋತಿದ್ದಾರೆ. ಸೋಮವಾರ ಬೆಳಗ್ಗೆ ಸೋಲುತ್ತಾರೆ, ಸೋತ ಮುಖದಲ್ಲೇ ಕಿಟಕಿ ತೆಗೆಯುತ್ತಾರೆ. ಗೆದ್ದವರೇ ಇಲ್ಲ ಅಂತಲ್ಲ. ವರ್ಷಕ್ಕೆ ಇಬ್ಬರೋ ಮೂವರೋ ಹೇಗೋ ಗೆಲ್ಲುತ್ತಾರೆ. ಹೇಗೆ ಎಂದು ಕೇಳಿದರೆ ಅವರಿಗೇ ಗೊತ್ತಿರುವುದಿಲ್ಲ.

ಆಡುವ ಮನೆಯ ಬಾಗಿಲಿಗೆ ಕೆಂಪು ಟವೆಲ್ ಹಾಕಬೇಕು. ಟವೆಲ್ ಕಂಡರೆ ಬೀದಿಯವರೆಲ್ಲ ಮೂರೂ ಮೂರು ಆರು ನಿಮಿಷ ಬಾಯಿಗೆ ಬೀಗ. ಯಾಕೆಂದರೆ ಸಾಹೇಬರಿಗೆ ಇನ್ನೊಂದು ದನಿ ಕೇಳಿಸಿತೋ, ಯಾರೋ ಹೇಳಿಕೊಡುತ್ತಿದ್ದಾರೆಂದು ಆಟ ನಿಲ್ಲಿಸಿ ಸೋಲು ಬರೆದುಬಿಡುತ್ತಾರೆ. ಹಿಂದೊಮ್ಮೆ ತರಕಾರಿಯವನು ಟೊಮೇಟೊ ಎಂದು ಕೂಗಿದ್ದಕ್ಕೆ ಯಾರದೋ ನಲ್ಲಿ ಸಂಪರ್ಕ ಒಂದು ವಾರ ಹಿಂದೆ ಬಿತ್ತು. ಅವತ್ತಿನಿಂದ ಅವನು ಟವೆಲ್ ಇರುವ ಮನೆ ಮುಂದೆ ಗಾಡಿಯ ಕಿರುಗುಡುವ ಚಕ್ರವನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ದಾಟುತ್ತಾನೆ.

ಇನ್ನೊಂದು ಪದ್ಧತಿ ಇದೆ. ಪರದೆಯಲ್ಲಿ ಎರಡು ಗಡಿಯಾರಗಳಿರುತ್ತವೆ, ಮೇಲಿನದು ಸಾಹೇಬರದು, ಕೆಳಗಿನದು ನಮ್ಮದು. ಎರಡನ್ನೂ ಮುಚ್ಚಿಯೇ ಆಡಬೇಕು. ಇದು ಕಚೇರಿಯ ನಿಯಮವಲ್ಲ, ಊರಿನದು. ನಮ್ಮ ಗಡಿಯಾರ ನೋಡಿದರೆ ಕೈ ನಡುಗುತ್ತದೆ. ಸಾಹೇಬರದನ್ನು ನೋಡುವುದು ಮರ್ಯಾದೆಯಲ್ಲ. ದೊಡ್ಡವರ ಎದುರು ಕೂತು ಅವರ ಕೈಗಡಿಯಾರ ಇಣುಕುತ್ತೇವೆಯೇ, ಇಲ್ಲವಲ್ಲ, ಹಾಗೆ. ಗಂಡಸರು ಸೇಬಿನ ಮೇಲೆ ಬರುತ್ತದಲ್ಲ, ಆ ಸ್ಟಿಕ್ಕರ್ ಅಂಟಿಸುತ್ತಾರೆ. ಹೆಂಗಸರು ಬಿಂದಿ ಅಂಟಿಸುತ್ತಾರೆ. ಅತ್ತೆ ತನ್ನ ಗಡಿಯಾರಕ್ಕೆ ಹಾಳೆಯಿಂದ ಹೊಸ ಬಿಂದಿ ಕಿತ್ತು ಅಂಟಿಸುತ್ತಿದ್ದಳು. ಸಾಹೇಬರದಕ್ಕೆ ಮಾತ್ರ ತನ್ನ ಹಣೆಯದನ್ನೇ. ಆಟ ಮುಗಿದ ಮೇಲೆ ಅದು ಮತ್ತೆ ಹಣೆಗೆ.

ಅತ್ತೆಯ ಅರ್ಜಿ ಮದುವೆಯದು, ಮುದ್ರೆ ಬಿದ್ದರೆ ಮದುವೆ ಆದ ಹಾಗೆಯೇ. ಅವಳಿಗೆ ನಲವತ್ತಾರು. ಮನೆಯಲ್ಲೇ ಸೀರೆಗೆ ಕುಚ್ಚು ಹಾಕುತ್ತಾಳೆ. ಊರಿನ ಅರ್ಧ ಸೆರಗುಗಳು ಅವಳ ಬೆರಳಲ್ಲಿ ಹಾದು ಹೋದವೇ. ವರ ಶಂಭುಲಿಂಗ ಅವರು, ಐವತ್ತೆರಡು, ಕುಕ್ಕರ್ ಮತ್ತು ಗ್ಯಾಸ್ ಒಲೆ ರಿಪೇರಿ ಮಾಡುತ್ತಾರೆ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿದೆ. ಅತ್ತೆಯ ಕುಕ್ಕರಿನ ಹಿಡಿ ಸರಿಮಾಡಲು ಬಂದವರು ಮಾರನೇ ದಿನ ಹಿಡಿ ಗಟ್ಟಿಯಿದೆಯೇ ನೋಡಲು ಬಂದರು, ಮೂರನೇ ದಿನವೂ ಬಂದರು. ಈಗ ಎರಡು ವರ್ಷದಿಂದ ದಿನಾ ಸಂಜೆ ಐದಕ್ಕೆ ಬಂದು ಜಗಲಿಯಲ್ಲಿ ಕೂತು ಕಾಫಿ ಕುಡಿದು ಏಳಕ್ಕೆ ಎದ್ದು ಹೋಗುತ್ತಾರೆ. ಕಾಗದವಿಲ್ಲದೆ ಒಳಗೆ ಕಾಲಿಡುವವರಲ್ಲ ಅವರು, ಕರೆಯುವವಳಲ್ಲ ಇವಳು. ಅತ್ತೆಯ ಗಂಡನನ್ನು ಮಾವ ಅನ್ನಬೇಕು, ನನಗೂ ಆಸೆಯೇ. ಆದರೆ ಮುದ್ರೆ ಬೀಳುವ ಮುಂಚೆ ಆ ಪದ ಹೇಗೆ ಹೇಳುವುದು. ಎರಡು ವರ್ಷದಿಂದ 'ಇವ್ರೇ' ಎಂದೇ ಕೂಗುತ್ತಿದ್ದೇನೆ.

ತೊಂಬತ್ತೇಳು ಬಂದ ದಿನ ಅವರು ಎದ್ದು ಹೋದ ಮೇಲೆ ಅತ್ತೆ ಬಾಗಿಲಲ್ಲೇ ನಿಂತಿದ್ದಳು. "ಸೋಲೋದು ಹಾಳಾಗ್ಲಿ ಮಂದೂ. ಇವ್ರು ದಿನಾ ಎದ್ದು ಹೋಗೋದನ್ನ ನೋಡೋಕಾಗಲ್ಲ ನನಗೆ" ಅಂದಳು. ನಾನು ಅವತ್ತೇ ತೀರ್ಮಾನ ಮಾಡಿದೆ. ಇನ್ನು ಮೂರು ಆಟ, ನಾನೇ ಕಲಿಸುತ್ತೇನೆ.

ನಾನು ಚೆಸ್ ಹುಚ್ಚಿ. ಲೈಬ್ರರಿಯಲ್ಲಿ ರಟ್ಟು ಹೋದ ಒಂದು ಹಳೇ ಪುಸ್ತಕವಿದೆ, ಅದನ್ನು ಹನ್ನೆರಡು ಸಲ ಓದಿದ್ದೇನೆ. ಯಾರು ಎಲ್ಲಿ ಆಡಿದರೂ ಹಿಂದೆ ನಿಂತು ನೋಡುತ್ತೇನೆ, ಆಟ ಮುಗಿದ ಮೇಲೆ ಕೇಳಿದರೂ ಕೇಳದಿದ್ದರೂ ತಪ್ಪು ಹೇಳುತ್ತೇನೆ. ಊರಲ್ಲಿ ನನ್ನನ್ನು ಕಂಡರೆ ಕೆಲವರು ಫೋನು ಜೇಬಿಗೆ ಹಾಕಿಕೊಳ್ಳುತ್ತಾರೆ. ಆದರೆ ಪಂಕಜತ್ತೆಗೆ ಕಲಿಸುವುದೆಂದರೆ, ಅಯ್ಯೋ, ಹೇಗೆ ಹೇಳಲಿ. ಅವಳು ಕಾಲಾಳುಗಳನ್ನು ಹುಡುಗ್ರು ಅನ್ನುತ್ತಾಳೆ. ಯಾವ ಹುಡುಗನೂ ಸಾಯಬಾರದು. ಒಬ್ಬನನ್ನು ಮುಂದಿಟ್ಟರೆ ಪಕ್ಕದವನನ್ನೂ ಮುಂದಿಟ್ಟು ಕೈ ಕೈ ಹಿಡಿಸಬೇಕು. ಎದುರಿನವನು ಮೂಗಿಗೆ ಮೂಗು ತಾಗಿಸಿ ನಿಂತರೆ ಇವಳಿಗೆ ಸಮಾಧಾನ, ಇನ್ನು ಯಾರೂ ಯಾರನ್ನೂ ಹೊಡೆಯುವ ಹಾಗಿಲ್ಲವಲ್ಲ. ಪ್ರತಿ ನಡೆಗೂ ಮುಂಚೆ ಬೆರಳು ತೋರಿಸಿ ಎಲ್ಲರೂ ಇದ್ದಾರೆಯೇ ಎಂದು ನೋಡಿಕೊಳ್ಳುತ್ತಾಳೆ, ಪ್ರವಾಸಕ್ಕೆ ಕರೆದುಕೊಂಡು ಹೋದ ಟೀಚರ್ ಹಾಗೆ.

"ಅತ್ತೆ, ಇಲ್ಲಿ ಒಂದು ಕಾಲಾಳು ಕೊಟ್ಟಿದ್ರೆ ಅವರ ಒಂಟೆ ಸಿಗ್ತಿತ್ತು."

"ನನಗೆ ಒಂಟೆ ಯಾಕೆ?"

ನಾನು ತಲೆ ತಲೆ ಚಚ್ಚಿಕೊಂಡೆ. ಶಂಭುಲಿಂಗ ಅವರು ಜಗಲಿಯಿಂದ, ಒಂಟೆ ಬಂದರೆ ಎಲ್ಲಿ ಇಟ್ಟುಕೊಳ್ಳುವುದು ಎಂದು ಅವಳ ಪರವಾಗಿಯೇ ಮಾತಾಡಿದರು. ಅವರನ್ನು ಆಡಿಸೋಣವೆಂದರೆ ಅರ್ಜಿಯಲ್ಲಿ ಮೊದಲ ಹೆಸರು ಯಾರದೋ ಅವರೇ ಆಡಬೇಕು. ಅಲ್ಲದೆ ಅವರು ಒಂದು ಕುಕ್ಕರ್ ಬಿಚ್ಚುವ ಮುಂಚೆ ಅರ್ಧ ಗಂಟೆ ಅದನ್ನು ನೋಡುತ್ತಾ ಕೂರುವವರು. ಮೂರು ನಿಮಿಷದಲ್ಲಿ ಅವರು ಫೋನು ಹಿಡಿದುಕೊಳ್ಳುವುದೇ ಕಷ್ಟ.

ಕೊನೆಗೆ ನಾನೊಂದು ಉಪಾಯ ಮಾಡಿದೆ. ಪುಸ್ತಕದಲ್ಲಿದ್ದ ಒಂದು ಭಾರೀ ದಾಳಿಯ ಹನ್ನೊಂದು ನಡೆಗಳನ್ನು ಹನ್ನೊಂದು ಬಣ್ಣದ ದಾರಕ್ಕೆ ಕಟ್ಟಿಕೊಟ್ಟೆ. ಹಳದಿಗೆ ಕುದುರೆ ಹೊರಗೆ, ನೇರಳೆಗೆ ಒಂಟೆ ಅಡ್ಡಕ್ಕೆ, ಗಿಳಿಹಸಿರಿಗೆ ಕುದುರೆಯನ್ನು ಬಲಿ ಕೊಟ್ಟು ರಾಜನ ಕೋಟೆ ಒಡೆಯುವುದು. ಅತ್ತೆ ಒಂದೇ ದಿನದಲ್ಲಿ ಬಾಯಿಪಾಠ ಮಾಡಿದಳು. ಬಣ್ಣದ ವಿಷಯದಲ್ಲಿ ಅವಳು ತಪ್ಪುವವಳಲ್ಲ. ನನಗೆ ಎಷ್ಟು ಧೈರ್ಯ ಬಂತೆಂದರೆ ಬುಧವಾರವೇ ಹೋಗಿ ತಿಪ್ಪೇಶಿಯವರಿಗೆ, ನಾಳೆ ಮುದ್ರೆಗೆ ಶಾಯಿ ಹಾಕಿಡಿ ಎಂದು ಹೇಳಿ ಬಂದೆ. ಅವರು ನನ್ನನ್ನು ಅನುಕಂಪದಿಂದ ನೋಡಿದರು.

ಅತ್ತೆಯ ಹೊತ್ತು ಗುರುವಾರ ಹನ್ನೊಂದೂ ಹತ್ತಕ್ಕೆ. ಟವೆಲ್ ಹಾಕಿದೆವು, ಬಿಂದಿ ಅಂಟಿಸಿದೆವು, ಬೀದಿ ತಣ್ಣಗಾಯಿತು. ಸಾಹೇಬರು ನಾಲ್ಕನೇ ನಡೆಗೇ ನನ್ನ ಪುಸ್ತಕದಲ್ಲಿ ಇಲ್ಲದ್ದನ್ನು ಆಡಿದರು. ಅಲ್ಲಿಗೆ ಆ ದಾಳಿಯ ಕತೆ ಮುಗಿದಿತ್ತು, ಬೇರೇನಾದರೂ ಆಡಬೇಕಿತ್ತು. ಆದರೆ ಅತ್ತೆ ಬಣ್ಣ ಬಿಡಲಿಲ್ಲ. ನಾನು ಪಕ್ಕದಲ್ಲಿ ಕಣ್ಣು ಹೊರಳಿಸುತ್ತಿದ್ದೇನೆ, ಮುಷ್ಟಿ ಕಚ್ಚುತ್ತಿದ್ದೇನೆ, ಅವಳು ನೇರಳೆ, ಕಿತ್ತಳೆ, ಆಕಾಶನೀಲಿ ಎಂದು ಮನಸ್ಸಿನಲ್ಲೇ ಎಣಿಸುತ್ತಾ ಗಿಳಿಹಸಿರಿಗೆ ಬಂದು, ಯಾವ ಕೋಟೆಯೂ ಇಲ್ಲದ ಜಾಗದಲ್ಲಿ ಕುದುರೆಯನ್ನು ತಂದು ಸಾಹೇಬರ ಬಾಯಿಗೆ ಇಟ್ಟಳು. ಹತ್ತೊಂಬತ್ತನೇ ನಡೆಗೆ ಚೆಕ್‌ಮೇಟ್. ತೊಂಬತ್ತೆಂಟು.

ನನಗೆ ಸಿಟ್ಟು ಬಂತು. ಬಂದ ಸಿಟ್ಟಿನಲ್ಲಿ ಬಾಯಿಗೆ ಬಂದದ್ದನ್ನು ಅಂದೆ. ಕಣ್ಣು ಬಿಟ್ಟು ನೋಡಬಾರದಾ, ಎದುರಿನವರು ಬೇರೆ ಆಡಿದರೆ ನೀನೂ ಬೇರೆ ಆಡಬೇಕು ಅಂತ ಗೊತ್ತಾಗಲ್ವಾ ಎಂದೆಲ್ಲ ಕೇಳಿದೆ. ಅತ್ತೆ ಎಲ್ಲ ಕೇಳಿಸಿಕೊಂಡು ಬಿಂದಿ ಹಣೆಗೆ ಅಂಟಿಸಿಕೊಂಡಳು.

"ನಿನ್ನ ಪುಸ್ತಕಕ್ಕೆ ನನ್ನ ಕುದುರೆ ಕೊಟ್ಟೆ. ಇನ್ನು ನೀನು ಬರಬೇಡ" ಅಂದಳು.

ಸಂಜೆ ಶಂಭುಲಿಂಗ ಅವರಿಗೆ ವಿಷಯ ತಿಳಿಯಿತು. ಅವರು ಬಯ್ಯಲಿಲ್ಲ, ಬೇಸರವನ್ನೂ ತೋರಿಸಲಿಲ್ಲ. ಹೋದ ಕುದುರೆ ವಾಪಸ್ ಬರುವುದಕ್ಕೆ ಏನಾದರೂ ದಾರಿ ಇದೆಯೇ ಎಂದು ಕೇಳಿದರು, ಅಷ್ಟೆ. ಏಳು ಗಂಟೆಗೆ ಎದ್ದು ಹೋದರು. ಅವರ ಬೆನ್ನು ನೋಡಿದಾಗ ನನಗೆ ನನ್ನ ಬಾಯಿಯ ಮೇಲೆಯೇ ಜುಗುಪ್ಸೆ ಬಂತು.

ಮುಂದಿನ ಗುರುವಾರ ಬರಬೇಡ ಎಂದರೂ ಹೋದೆ. ಅತ್ತೆ ಚಾಪೆಯ ಅಂಚು ಸರಿಸಿ ಜಾಗ ಮಾಡಿದಳು. ಅವತ್ತು ಅವಳು ಪೂರಾ ತನ್ನ ಇಷ್ಟದಂತೆಯೇ ಆಡಿದಳು. ಹುಡುಗರನ್ನು ಒಬ್ಬೊಬ್ಬರನ್ನಾಗಿ ಮುಂದೆ ತಂದು, ಪಕ್ಕ ಪಕ್ಕ ನಿಲ್ಲಿಸಿ, ಸಾಹೇಬರ ಹುಡುಗರ ಮೂಗಿಗೆ ಮೂಗು ತಾಗಿಸಿದಳು. ಆ ತುದಿಯಿಂದ ಈ ತುದಿಗೆ ಒಂದು ಗೋಡೆ ಎದ್ದಿತು. ಸಾಹೇಬರ ಮಂತ್ರಿ ಗೋಡೆಯ ಆಚೆ ಎಡಕ್ಕೆ ಓಡಿತು, ಬಲಕ್ಕೆ ಓಡಿತು. ಆನೆಗಳು ಒಂದರ ಹಿಂದೆ ಒಂದು ನಿಂತವು. ಯಾರಿಗೂ ಒಳಗೆ ಬರಲು ಸಂದಿಲ್ಲ. ಅತ್ತೆ ಈಚೆಗೆ ರಾಜನನ್ನು ಒಂದು ಮನೆ ಅತ್ತ, ಒಂದು ಮನೆ ಇತ್ತ ಆಡಿಸುತ್ತಾ, ಪ್ರತಿ ಸಲವೂ ಹುಡುಗರನ್ನು ಎಣಿಸುತ್ತಾ ಕೂತಳು. ಇದೆಂಥಾ ಆಟ, ಇದಕ್ಕೆ ಗೆಲುವೆಲ್ಲಿಂದ ಬರಬೇಕು ಎಂದು ನಾನು ಮನಸ್ಸಿನಲ್ಲೇ ಉರಿಯುತ್ತಿದ್ದೆ.

ಆಗ ಬಿಂದಿ ಬಿತ್ತು. ಎರಡು ವರ್ಷ ಹಣೆಗೂ ಫೋನಿಗೂ ಓಡಾಡಿದ ಬಿಂದಿಗಳ ಅಂಟು ಎಷ್ಟು ದಿನ ಇರುತ್ತದೆ. ಸಾಹೇಬರ ಗಡಿಯಾರದ ಮೇಲಿಂದ ಜಾರಿ ಅತ್ತೆಯ ಮಡಿಲಿನ ಸೀರೆಯೊಳಗೆ ಹೋಯಿತು. ಅತ್ತೆಗೆ ಗೊತ್ತಾಗಲಿಲ್ಲ. ನಾನು ಮರ್ಯಾದೆಗೆ ಮುಖ ಆ ಕಡೆ ತಿರುಗಿಸಿದೆ. ತಿರುಗಿಸಿ ಮತ್ತೆ ನೋಡಿದೆ. ಐವತ್ತೆರಡು, ಐವತ್ತೊಂದು, ಐವತ್ತು. ಸಾಹೇಬರ ಸೆಕೆಂಡುಗಳು ಇಳಿಯುತ್ತಿದ್ದವು. ಒಂದೊಂದು ನಡೆಗೆ ಎರಡೆರಡರಂತೆ, ನಮ್ಮಂಥ ಸಾಮಾನ್ಯರ ಗಡಿಯಾರದ ಹಾಗೆ. ಮೂವತ್ತೆಂಟಕ್ಕೆ ಬಂದಾಗ ಆಟ ನಿಂತಿತು. ಅತ್ತೆಯ ಸಮಯ ಮುಗಿದಿತ್ತು, ಸಮಯ ಮುಗಿದವರು ಸೋತಂತೆ. ತೊಂಬತ್ತೊಂಬತ್ತು.

ಚೆಕ್‌ಮೇಟ್ ಆಗಿರಲಿಲ್ಲ. ಒಬ್ಬ ಹುಡುಗನೂ ಸತ್ತಿರಲಿಲ್ಲ. ಸೋತದ್ದು ಮೂವತ್ತೆಂಟು ಸೆಕೆಂಡಿನಿಂದ ಮಾತ್ರ. ಹನ್ನೆರಡು ಸಲ ಓದಿದ ನನ್ನ ಪುಸ್ತಕದಲ್ಲಿ ಗಡಿಯಾರದ ಸುದ್ದಿಯೇ ಇರಲಿಲ್ಲ, ಊರಲ್ಲಿ ನೂರಾರು ಆಟಗಳ ಹಿಂದೆ ನಿಂತು ತಪ್ಪು ಹುಡುಕಿದ ನಾನು ಒಂದು ಸಲವೂ ಆ ಸ್ಟಿಕ್ಕರಿನ ಕೆಳಗೆ ಏನಿದೆ ಎಂದು ಯೋಚಿಸಿರಲಿಲ್ಲ. ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

"ಅತ್ತೆ, ಸಾಹೇಬರಿಗೂ ಟೈಮ್ ಮುಗಿಯುತ್ತೆ" ಅಂದೆ.

"ಸಾಹೇಬರಿಗೆ ಎಂಥ ಟೈಮು ಮುಗಿಯೋದು. ಅವರಿಗೇನು ಒಲೆ ಮೇಲೆ ಅನ್ನ ಇದೆಯಾ?"

ನಂಬಿಸಲು ಎರಡು ದಿನ ಬೇಕಾಯಿತು. ಅವಳ ಪ್ರಕಾರ ಸಾಹೇಬರ ಗಡಿಯಾರ ಇರುವುದು ಅಲಂಕಾರಕ್ಕೆ. ಮುಗಿದರೂ ಅವರು ಇನ್ನೊಂದು ಮೂರು ನಿಮಿಷ ಹಾಕಿಕೊಳ್ಳುತ್ತಾರೆ, ಅವರನ್ನು ಕೇಳುವವರು ಯಾರು. ನಾನು ವಾದ ಮಾಡಿ ಮಾಡಿ ಗಂಟಲು ಕೆಡಿಸಿಕೊಂಡೆ. ಕೊನೆಗೆ ಒಪ್ಪಿಸಿದ್ದು ಶಂಭುಲಿಂಗ ಅವರು. ಸಾಹೇಬರೂ ಕರೆಂಟಿನ ಮೇಲೆ ಓಡುವವರೇ ಅಲ್ಲವೇ ಪಂಕಜಮ್ಮ, ನಾನು ಇದುವರೆಗೆ ನೋಡಿದ ಯಾವ ಯಂತ್ರವೂ ತನ್ನ ಟೈಮರ್‌ಗೆ ತಾನೇ ಮೋಸ ಮಾಡಿಲ್ಲ ಎಂದರು. ಅಷ್ಟು ಉದ್ದದ ಮಾತನ್ನು ಅವರು ಆಡಿದ್ದು ನಾನು ಮೊದಲ ಸಲ ಕೇಳಿದ್ದು.

ಉಳಿದದ್ದು ಐದು ದಿನ. ಅತ್ತೆಗೆ ಹೊಸದೇನನ್ನೂ ಕಲಿಸಲಿಲ್ಲ. ಗೋಡೆ ಕಟ್ಟುವುದು ಅವಳಿಗೆ ಬರುತ್ತಿತ್ತು. ಬರಬೇಕಾದದ್ದು ಅವಸರ ಮಾತ್ರ. ನಾನು ನನ್ನ ಫೋನಿನಲ್ಲಿ ಸಾಹೇಬರಾಗಿ ಕೂತೆ. ಗೋಡೆ ಎದ್ದ ಮೇಲೆ ಹುಡುಗರನ್ನು ಎಣಿಸುವ ಹಾಗಿಲ್ಲ ಎಂದೆ. ಎಣಿಸದಿದ್ದರೆ ಅವಳ ಕೈ ಓಡದು. ಎಣಿಸಿದರೆ ಸಮಯ ಸಾಲದು. ಇದರಲ್ಲೇ ಒಂದು ದಿನ ಜಗಳವಾಯಿತು. ಎದುರಿನವರು ಆಡುವ ಮುಂಚೆಯೇ ನಮ್ಮ ಮುಂದಿನ ನಡೆಯನ್ನು ಪರದೆಯಲ್ಲಿ ಒತ್ತಿಟ್ಟುಬಿಡಬಹುದು, ಅವರು ಆಡಿದ ಕ್ಷಣ ಅದು ತಾನೇ ಹೋಗುತ್ತದೆ ಎಂದು ತೋರಿಸಿದಾಗ ಅತ್ತೆ ಬೆಚ್ಚಿದಳು. ಅವರು ಮಾತಾಡಿ ಮುಗಿಸುವ ಮುಂಚೆ ನಾನು ಉತ್ತರ ಕೊಟ್ಟರೆ ಏನಂದುಕೊಳ್ಳುತ್ತಾರೆ ಎಂದಳು. ನಾನು ಎದ್ದು ಅಂಗಳಕ್ಕೆ ಹೋಗಿ ಒಂದು ಚೊಂಬು ನೀರು ಕುಡಿದು ಬಂದೆ.

ಆದರೆ ಒಮ್ಮೆ ಕೈಗೆ ಹತ್ತಿದ ಮೇಲೆ ಅದೇ ಬೇರೆ. ಅತ್ತೆ ಕುಚ್ಚು ಕಟ್ಟುವಾಗ ಅವಳ ಬೆರಳು ಕಣ್ಣಿಗೆ ಕಾಣುವುದಿಲ್ಲ. ಎಳೆ ಎತ್ತು, ಸುತ್ತು, ಬಿಗಿ, ಅಷ್ಟೇ. ರಾಜ ಅತ್ತ, ರಾಜ ಇತ್ತ ಎನ್ನುವುದು ಆ ಕೈಗೆ ಎರಡು ಎಳೆಯ ಕೆಲಸ. ಸೋಮವಾರದ ಹೊತ್ತಿಗೆ ಅವಳು ನಡೆಗೆ ಅರ್ಧ ಸೆಕೆಂಡೂ ತೆಗೆದುಕೊಳ್ಳುತ್ತಿರಲಿಲ್ಲ, ನನ್ನ ಜೊತೆ ಮಾತಾಡುತ್ತಲೇ ಆಡುತ್ತಿದ್ದಳು.

ಮಂಗಳವಾರ ಸಂಜೆ ಶಂಭುಲಿಂಗ ಅವರು ಕಚೇರಿಯ ಗೋಡೆಯ ಮೇಲಿರುವ ನಿಯಮದ ಹಲಗೆಯನ್ನು ಪೂರಾ ಓದಿ ಬಂದರು. ನಮ್ಮೂರಲ್ಲಿ ಅದನ್ನು ಪೂರಾ ಓದಿದವರು ಇನ್ನೊಬ್ಬರಿಲ್ಲ. ಹಲಗೆಯ ಕೆಳತುದಿಯಲ್ಲಿ, ಸುಣ್ಣ ಹೊಡೆಯುವಾಗ ಅರ್ಧ ಮುಚ್ಚಿಹೋದ ಸಾಲಿನಲ್ಲಿ ಹೀಗಿತ್ತಂತೆ. ಇಬ್ಬರೂ ಐವತ್ತೈವತ್ತು ನಡೆ ಆಡುವವರೆಗೆ ಯಾರೂ ಯಾರನ್ನೂ ಹೊಡೆಯದೆ, ಒಂದು ಕಾಲಾಳನ್ನೂ ಮುಂದಿಡದೆ ಇದ್ದರೆ ಆಟ ಸಮ. ಸಮ ಎಂದರೆ ಸೋಲು. ಪುಸ್ತಕದಲ್ಲಿ ಈ ನಿಯಮ ಓದಿದ್ದೆ, ಮರೆತೇಬಿಟ್ಟಿದ್ದೆ. ಅದರಲ್ಲಿದ್ದ ಇನ್ನೊಂದು ನಿಯಮ, ಒಂದೇ ಸ್ಥಿತಿ ಮೂರು ಸಲ ಬಂದರೆ ಸಮ ಎನ್ನುವುದು, ಪುಣ್ಯಕ್ಕೆ ಹಲಗೆಯಲ್ಲಿ ಇರಲಿಲ್ಲ. ಗೋಡೆ ಪೂರ್ತಿ ಕಟ್ಟಿದರೆ ಮುಂದಿಡಲು ಕಾಲಾಳು ಎಲ್ಲಿರುತ್ತದೆ. ಗೋಡೆ ಒಡೆದರೆ ಸಾಹೇಬರು ಒಳಗೆ.

ಶಂಭುಲಿಂಗ ಅವರು ಕಾಫಿ ಲೋಟ ಕೆಳಗಿಟ್ಟು ಬಹಳ ಹೊತ್ತು ನನ್ನ ಫೋನಿನ ಮಣೆಯನ್ನೇ ನೋಡಿದರು. ಒಂದು ಕುಕ್ಕರ್ ಬಿಚ್ಚುವಷ್ಟು ಹೊತ್ತು.

"ಎಲ್ಲಾ ಕಡೆ ಬಿಗಿ ಮಾಡಿ, ಒಂದು ಸೇಫ್ಟಿ ವಾಲ್ವ್ ಬಿಡಿ" ಎಂದು ಮೂಲೆಯ ಕಾಲಾಳನ್ನು ತೋರಿಸಿದರು. "ಈ ಹುಡುಗ ಮನೇಲೇ ಇರ್ಲಿ. ಬೇಕಾದಾಗ ಒಂದೇ ಒಂದು ಹೆಜ್ಜೆ ಮುಂದಿಟ್ರೆ ಸಾಕು."

ಅದು ಸರಿಯಾಗಿತ್ತು. ಆ ಒಬ್ಬ ಒಂದು ಹೆಜ್ಜೆ ಇಟ್ಟರೆ ಗೋಡೆಗೆ ಏನೂ ಆಗುವುದಿಲ್ಲ, ಲೆಕ್ಕ ಮಾತ್ರ ಮತ್ತೆ ಒಂದರಿಂದ ಶುರು. ಆದರೆ ಮುಂಚೆಯೇ ಇಟ್ಟರೆ ಆ ಒಂದು ಹೆಜ್ಜೆ ವ್ಯರ್ಥ, ಐವತ್ತು ದಾಟಿದರೆ ಎಲ್ಲವೂ ವ್ಯರ್ಥ. ಅಷ್ಟು ಅವಸರದಲ್ಲಿ ನಡೆ ಎಣಿಸುವುದು ಹೇಗೆ ಎಂದು ನಾನು ಒದ್ದಾಡುತ್ತಿದ್ದೆ. ಅತ್ತೆ ಹೋಗಿ ಗಿರಾಕಿಯ ಒಂದು ಸೀರೆ ತಂದಳು. ಸೆರಗಿನಲ್ಲಿ ಕುಚ್ಚು ಎಣಿಸಿ ನಲವತ್ತೊಂಬತ್ತನೆಯದಕ್ಕೆ ಒಂದು ಗಂಟು ಹಾಕಿದಳು. ಬಲಗೈ ಆಡುತ್ತದೆ, ಎಡಗೈ ಕುಚ್ಚು ದಾಟಿಸುತ್ತದೆ. ಅವಳಿಗೆ ಎಣಿಸಲು ಏನಾದರೂ ಬೇಕಿತ್ತಲ್ಲ, ಸಿಕ್ಕಿತು.

ಗುರುವಾರ ಬಂತು. ಶಂಭುಲಿಂಗ ಅವರು ಕೆಲಸಕ್ಕೆ ಹೋಗದೆ ಬೆಳಗ್ಗೆಯೇ ಬಂದು ಬಾಗಿಲ ಹೊರಗೆ ಕೆಂಪು ಟವೆಲನ್ನು ಎರಡೂ ಕೈಯಲ್ಲಿ ಬಿಡಿಸಿ ಹಿಡಿದು ನಿಂತರು, ಚಿಲಕಕ್ಕೆ ಹಾಕಿದರೆ ಗಾಳಿಗೆ ಬೀಳಬಹುದು ಎಂದು. ತರಕಾರಿಯವನು ಅವರನ್ನು ನೋಡಿ ಗಾಡಿಯನ್ನೇ ತಿರುಗಿಸಿಕೊಂಡು ಹೋದ. ಒಳಗೆ ಅತ್ತೆ ಚಾಪೆಯ ಮೇಲೆ ಕೂತು ಮಡಿಲಲ್ಲಿ ಸೆರಗು ಹರವಿಕೊಂಡಳು. ಹನ್ನೊಂದೂ ಒಂಬತ್ತಕ್ಕೆ ಅಭ್ಯಾಸಬಲದಿಂದ ಅವಳ ಕೈ ಹಣೆಗೆ ಹೋಯಿತು. ನಾನು ಅದನ್ನು ಹಿಡಿದುಕೊಂಡೆ. ಅವಳು ನನ್ನನ್ನು ನೋಡಿದಳು. ಆಮೇಲೆ ಬಿಂದಿಯನ್ನು ಹಣೆಯ ಮೇಲೆಯೇ ಗಟ್ಟಿಯಾಗಿ ಒತ್ತಿಕೊಂಡು ಕೈ ಇಳಿಸಿದಳು. ಎರಡೂ ಗಡಿಯಾರಗಳು ಬಟ್ಟಬಯಲಲ್ಲಿದ್ದವು.

ಸಾಹೇಬರು ಎಂದಿನಂತೆ ಜೋರಾಗಿ ಬಂದರು. ಅತ್ತೆ ಹುಡುಗರನ್ನು ಕರೆದು ಕರೆದು ನಿಲ್ಲಿಸಿದಳು. ಹದಿನೆಂಟನೇ ನಡೆಯ ಹೊತ್ತಿಗೆ ಗೋಡೆ ಮುಗಿಯಲು ಒಂದು ಸಂದು ಉಳಿದಿತ್ತು. ಸಾಹೇಬರ ಕುದುರೆ ಅದರ ಕಡೆ ತಿರುಗಿತ್ತು. ನನ್ನ ಪುಸ್ತಕ ಕೇಳಿದರೆ ಒಂಟೆ ಕೊಟ್ಟು ಕುದುರೆ ತೆಗೆ ಅನ್ನುತ್ತಿತ್ತು. ಅತ್ತೆ ತೆಗೆಯಲಿಲ್ಲ. ಆ ಸಂದಿಗೆ ಇನ್ನೊಬ್ಬ ಹುಡುಗನನ್ನು ನಿಲ್ಲಿಸಿದಳು. ಬಾಗಿಲು ಮುಚ್ಚಿತು. ಮೂಲೆಯವನು ಮನೆಯಲ್ಲೇ ಇದ್ದ. ಆಗ ಸಾಹೇಬರ ಗಡಿಯಾರದಲ್ಲಿ ಎರಡು ನಿಮಿಷ ಹತ್ತು ಸೆಕೆಂಡು, ಅತ್ತೆಯದರಲ್ಲಿ ಒಂದು ನಿಮಿಷ ಐದು.

ಅಲ್ಲಿಂದ ಅವಳ ಬೆರಳು ಮಾಯವಾಯಿತು. ರಾಜ ಅತ್ತ, ರಾಜ ಇತ್ತ, ಕುಚ್ಚು ಒಂದು, ಕುಚ್ಚು ಎರಡು. ಸಾಹೇಬರು ಪ್ರತಿ ನಡೆಗೂ ಯೋಚಿಸುತ್ತಿದ್ದರು. ಆನೆಯನ್ನು ಆ ಮೂಲೆಗೆ ತಂದರು, ಮತ್ತೆ ಈ ಮೂಲೆಗೆ ತಂದರು, ಮಂತ್ರಿಯನ್ನು ಹಿಂದಕ್ಕೆ ಕರೆಸಿಕೊಂಡು ಮತ್ತೆ ಕಳಿಸಿದರು. ನಮ್ಮೂರ ಕಚೇರಿಯಲ್ಲಿ ಒಂದು ಕಿಟಕಿಯಿಂದ ಇನ್ನೊಂದಕ್ಕೆ ಅಲೆದವರನ್ನು ನಾನು ನೋಡಿದ್ದೇನೆ. ಸಾಹೇಬರೇ ಹಾಗೆ ಅಲೆಯುವುದನ್ನು ಅವತ್ತೇ ನೋಡಿದ್ದು. ಒಂದೂವರೆ ನಿಮಿಷ. ಒಂದು ನಿಮಿಷ. ಐವತ್ತು ಸೆಕೆಂಡು. ಅತ್ತೆಯದು ನಲವತ್ತೆಂಟು, ನಲವತ್ತೇಳು.

ಅತ್ತೆಯ ಎಡಗೈ ಗಂಟಿಗೆ ಬಂತು. ಬಲಗೈ ನಿಂತಿತು. ಅರೆಕ್ಷಣ ಅಷ್ಟೇ ಇರಬೇಕು, ನನಗೆ ಮಾತ್ರ ಬೀದಿಯ ಗಾಳಿಯೇ ನಿಂತ ಹಾಗಾಯಿತು. ಅವಳು ಮೂಲೆಯ ಹುಡುಗನನ್ನು ನೋಡುತ್ತಿದ್ದಳು. ಅವನೊಬ್ಬನೇ ಮನೆಯಲ್ಲಿ ಉಳಿದವನು, ಅವನನ್ನೂ ಹೊರಗೆ ಕಳಿಸಬೇಕು. ಕಳಿಸು ಅತ್ತೆ, ಕಳಿಸು ಎಂದು ನಾನು ಒಳಗೊಳಗೇ ಬೊಬ್ಬೆ ಹೊಡೆಯುತ್ತಿದ್ದೆ. ತುಟಿ ಕಚ್ಚಿ ರಕ್ತ ಬಂತು. ಅವಳು ಅವನ ತಲೆ ಮೇಲೆ ಬೆರಳಿಟ್ಟು ಒಂದು ಹೆಜ್ಜೆ ಮುಂದಿಟ್ಟಳು.

ಸಾಹೇಬರು ಆಡಲಿಲ್ಲ. ಯೋಚಿಸಿದರು. ಮೂರು ಸೆಕೆಂಡು, ಆರು, ಒಂಬತ್ತು. ಇಷ್ಟು ಹೊತ್ತು ಅಲುಗಾಡದ ಗೋಡೆಯಲ್ಲಿ ಏನೋ ಅಲುಗಿತಲ್ಲ, ಅದರಲ್ಲಿ ಏನಿದೆ ಎಂದು ಹುಡುಕುತ್ತಿದ್ದರು. ಏನೂ ಇರಲಿಲ್ಲ. ಆಮೇಲೆ ಮತ್ತೆ ಆನೆ ಆ ಮೂಲೆಗೆ, ಆನೆ ಈ ಮೂಲೆಗೆ. ಹದಿನೈದು. ಹತ್ತು. ಐದು. ಸಾಹೇಬರ ಮಂತ್ರಿ ಎಲ್ಲಿಗೋ ಹೊರಟಿತ್ತು, ತಲುಪಲಿಲ್ಲ. ಮೇಲಿನ ಗಡಿಯಾರದಲ್ಲಿ ಬರೀ ಸೊನ್ನೆಗಳು ನಿಂತವು. ಕೆಳಗಿನದರಲ್ಲಿ ಇನ್ನೂ ಮೂವತ್ತಾರು ಸೆಕೆಂಡು ಇತ್ತು.

ಅತ್ತೆ ಇನ್ನೂ ರಾಜನನ್ನು ಒತ್ತುತ್ತಲೇ ಇದ್ದಳು. "ಏನಾಯ್ತೇ? ಹೋಗ್ತಾ ಇಲ್ಲ ಇವ್ನು. ಫೋನು ಕೆಟ್ಟೋಯ್ತಾ?" ಎಂದು ಕೇಳಿದಳು. ನಾನು ಪರದೆಯನ್ನು ಅವಳ ಮುಖದ ಹತ್ತಿರ ಹಿಡಿದೆ. ಎದುರಾಳಿಯ ಸಮಯ ಮುಗಿದಿದೆ ಎಂದು ಹಸಿರಕ್ಷರದಲ್ಲಿ ಬರೆದಿತ್ತು. ಅವಳು ಅದನ್ನು ಎರಡು ಸಲ ಓದಿದಳು. ಆಮೇಲೆ ಸೆರಗಿನ ಗಂಟನ್ನು ಬಿಚ್ಚತೊಡಗಿದಳು, ಗಿರಾಕಿಯ ಸೀರೆಯಲ್ಲವೇ.

ಅಲ್ಲಿಗೆ ಮುಗಿಯಿತೆಂದುಕೊಂಡರೆ ಕಚೇರಿಯಲ್ಲಿ ಇನ್ನೊಂದು ರಗಳೆ. ತಿಪ್ಪೇಶಿಯವರ ಬಳಿ ಇದ್ದ ಫಾರಮ್ಮಿನಲ್ಲಿ ಚೆಕ್‌ಮೇಟ್ ಮಾಡಿ ಗೆದ್ದವರಿಗೆ ಮಾತ್ರ ಜಾಗವಿತ್ತು. ಸಾಹೇಬರ ಸಮಯ ಮುಗಿದು ಗೆದ್ದವರಿಗೆ ಕಾಲಮ್ಮೇ ಇಲ್ಲ, ಯಾಕೆಂದರೆ ಅಂಥದ್ದು ಆಗಿಯೇ ಇಲ್ಲ. ಅವರು ಆ ಕಪಾಟು ತೆಗೆದರು, ಈ ಕಪಾಟು ತೆಗೆದರು, ಒಳಗೆ ಹೋದರು, ಊಟಕ್ಕೆ ಹೋದರು. ನಾನು ಕಿಟಕಿಯ ಕಂಬಿ ಹಿಡಿದು ಅವರಿಗೆ ನಿಯಮ ವಿವರಿಸಿದೆ, ಜೋರು ಮಾಡಿದೆ, ಬೇಡಿಕೊಂಡೆ. ಅತ್ತೆ ಬೆಂಚಿನ ಮೇಲೆ ಕೂತು ಸೀರೆಗೆ ಕುಚ್ಚು ಹಾಕುತ್ತಿದ್ದಳು. ನಾಲ್ಕೂವರೆಗೆ ತಿಪ್ಪೇಶಿಯವರು ಫಾರಮ್ಮಿನ ಅಂಚಿನಲ್ಲಿ ಕೈಯಿಂದಲೇ ಒಂದು ಗೆರೆ ಎಳೆದು, ಹೊಸ ಕಾಲಮ್ ಬರೆದು, ಮುದ್ರೆ ಹಾಕಿದರು. ಕಾಗದ ಕೊಡುವಾಗ ಕಿಟಕಿಗೆ ಮುಖ ಹತ್ತಿರ ತಂದರು.

"ಮುಚ್ಚೋದು ಬೇಡ್ವಾ? ನಿಜವಾಗ್ಲೂ?" ಎಂದು ಮೆಲ್ಲಗೆ ಕೇಳಿದರು. ಅವರ ಹೆಬ್ಬೆರಳು ಫೋನಿನ ಮೇಲಿದ್ದ ಸೇಬಿನ ಸ್ಟಿಕ್ಕರನ್ನು ಕೆರೆಯುತ್ತಿತ್ತು.

ಆಮೇಲೆ ಊರೆಲ್ಲ ಗೋಡೆ ಕಟ್ಟಲು ಹೊರಟದ್ದು, ಸಾಹೇಬರು ಒಂದು ತಿಂಗಳಿಗೇ ಚುರುಕಾದದ್ದು, ಜನ ಅದಕ್ಕೆ ನನ್ನನ್ನೇ ಬಯ್ದದ್ದು, ಅದು ಬೇರೆ ತಲೆನೋವು. ಅವತ್ತಿನದಷ್ಟು ಹೇಳಿ ಮುಗಿಸುತ್ತೇನೆ. ನಾವು ಮನೆಗೆ ಬಂದಾಗ ಐದು ಗಂಟೆ. ಶಂಭುಲಿಂಗ ಅವರು ಟವೆಲನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂತಿದ್ದರು. ಕಾಗದ ನೋಡಿದರು, ಮುದ್ರೆ ನೋಡಿದರು, ಕೈಯಿಂದ ಬರೆದ ಕಾಲಮ್ಮನ್ನು ಬಹಳ ಹೊತ್ತು ನೋಡಿದರು. ಗೆರೆ ಸ್ವಲ್ಪ ಸೊಟ್ಟ ಬಂದಿದೆ ಅಂದರು. ಅತ್ತೆ ಕಾಫಿ ತಂದಳು. ಮೂವರೂ ಕುಡಿದೆವು. ನಾನು ಆಟವನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಹೇಳಿದೆ, ಅವರಿಬ್ಬರೂ ಎರಡು ಸಲವೂ ಕೇಳಿದರು.

ಏಳು ಹೊಡೆಯಿತು. ಶಂಭುಲಿಂಗ ಅವರು ಎಂದಿನಂತೆ ಎದ್ದರು, ಸ್ಪಾನರಿನ ಚೀಲ ಹೆಗಲಿಗೆ ಹಾಕಿಕೊಂಡರು, ಬರ್ತೀನಿ ಪಂಕಜಮ್ಮ ಎಂದು ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದು ಗೇಟಿನವರೆಗೂ ಹೋದರು. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳ ಮುಖದಲ್ಲಿ ಎರಡು ವರ್ಷದ ಬೇಸರವೆಲ್ಲ ಒಟ್ಟಿಗೆ ಬಂತು.

"ಎಲ್ಲಿಗೆ ಹೊರಟ್ರಿ?" ಅಂದಳು.

ಅವರು ಗೇಟಿನ ಮೇಲೆ ಕೈಯಿಟ್ಟು ನಿಂತರು. ಯೋಚಿಸಿದರು. ಎಲ್ಲಿಗೆ ಎಂದು ಅವರಿಗೂ ಗೊತ್ತಿರಲಿಲ್ಲ. ನಾನು ಓಡಿ ಹೋಗಿ ಅವರ ಹೆಗಲಿನ ಚೀಲ ಇಸಿದುಕೊಂಡೆ. ಕಬ್ಬಿಣ ತುಂಬಿದ ಚೀಲ, ಭಾರ ಇತ್ತು.

"ಬನ್ನಿ ಮಾವ" ಅಂದೆ, "ನಿಮ್ಮ ಟೈಮ್ ಇನ್ನೂ ಇದೆ."